ಕಾಳು ಕೋಣಕ್ಕೆ, ಕಟ್ಟು ನಮಗೆ



ಆಟಿ ತಿಂಗಳು ಬಂತು. ಉಡುಪಿಯಿಂದ ಮಂಗಳೂರಿನವರೆಗೆ ಹಾಲ್‌ಗಳಲ್ಲೆಲ್ಲ ‘ಆಟಿಡೊಂಜಿ ದಿನ’. ತಜಂಕ್ ಪಲ್ಯ, ಪತ್ರೊಡೆ, ಸಾಂತಾಣಿ, ಕುಡುತ ಚಟ್ನಿ ಬಫೆಯಲ್ಲಿ. ನಾನೂ ಹೋಗ್ತೇನೆ, ತಿಂತೇನೆ, ರುಚಿ ಉಂಟು. ಆದರೆ ಆಟಿ ಅಂದರೆ ಕೂಲಿ ಇಲ್ಲದ, ಅಕ್ಕಿ ಮುಗಿದ ತಿಂಗಳು ಅಂತ ಮೈಕಿನಲ್ಲಿ ಹೇಳುವವರು ಕಡಿಮೆ. ಹಾಗಾಗಿ ಕುಡು, ಅಂದರೆ ಹುರುಳಿಯ ಕತೆ ನಾನೇ ಬರೀತೇನೆ.

ಬಳ್ಳಾರಿ ಹತ್ತಿರದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಿಕಾದ ಹುರುಳಿ ಸಿಕ್ಕಿದೆ, ಸುಮಾರು 3,500 ವರ್ಷ ಹಳೆಯದು. ಯಾವ ಮಠ, ಯಾವ ಅರಮನೆಯೂ ಇಲ್ಲದ ಕಾಲದ ಊಟ ಇದು. ಇಂಗ್ಲಿಷರು ಇದಕ್ಕೆ ಕುದುರೆಯ ಹೆಸರಿಟ್ಟರು: ಹಾರ್ಸ್ ಗ್ರಾಮ್. 1801ರಲ್ಲಿ ಕೆನರಾದಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್ ಬೆಳೆಗಳ ಲೆಕ್ಕದ ಜೊತೆಗೇ ಇಲ್ಲಿನ ಜೀತದಾಳುಗಳಿಗೆ ಸಿಗುವ ಅಕ್ಕಿ-ಬಟ್ಟೆಯ ಲೆಕ್ಕವನ್ನೂ, ಅವರ ಬೆಲೆಯನ್ನೂ ಬರೆದಿಟ್ಟ. 1843ರ ಕಾಯ್ದೆ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆ ತೆಗೆಯಿತು. ಆಳುಗಳ ಮಕ್ಕಳು ಮಾತ್ರ ಅದೇ ಗದ್ದೆಗಳಲ್ಲಿ ಉಳಿದರು.

ನನ್ನಜ್ಜಿ ದುಡೀತಿದ್ದ ಮನೆಯಲ್ಲಿ ಕಂಬಳದ ಕೋಣಗಳಿದ್ದವು. ಹಟ್ಟಿಯ ಬದಿಯ ಒಲೆಯಲ್ಲಿ ಹಂಡೆ ತುಂಬ ಹುರುಳಿ ಬೇಯಿಸೋದು ಅಜ್ಜಿಯ ಕೆಲಸ. ಬೆಂದ ಕಾಳು ಕೋಣಗಳಿಗೆ. ಬಸಿದ ಕಟ್ಟು ಆಳುಗಳಿಗೆ. ಅದನ್ನು ಮನೆಗೆ ತಂದು ಮೆಣಸು, ಹುಳಿ, ಬೆಳ್ಳುಳ್ಳಿ ಹಾಕಿ ಕುದಿಸಿದರೆ ಗಂಜಿಗೆ ಸಾರು. ಧನಿಗಳೂ ಕಟ್ಟಿನ ಸಾರು ಉಣ್ತಿದ್ದರಲ್ಲ ಅಂತ ಕೆಲವರು ಕೇಳಬಹುದು. ಉಣ್ತಿದ್ದರು. ಅವರ ಎಲೆಯಲ್ಲಿ ತೊವ್ವೆ, ಮೊಸರೂ ಇತ್ತು ಮಾರಾಯ್ರೆ.

ಈಗ ಲೆಕ್ಕ ನೋಡಿ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಉಂಟು. ಕಬ್ಬಿಣ, ಕ್ಯಾಲ್ಸಿಯಂ ಚೆನ್ನಾಗಿದೆ, ಕೊಬ್ಬು ತೀರಾ ಕಡಿಮೆ. ಬೇಯಿಸಿ ಬಸಿದಾಗ ಬಣ್ಣ, ರುಚಿ, ಒಂದಷ್ಟು ಲವಣ ಕಟ್ಟಿಗೆ ಇಳಿಯುತ್ತದೆ. ಪ್ರೋಟೀನ್ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಓಡುವ ಕೋಣಕ್ಕೆ ಪ್ರೋಟೀನ್, ದಿನವಿಡೀ ಬಗ್ಗಿ ನೇಜಿ ನೆಡುವ ಅಜ್ಜಿಗೆ ಪರಿಮಳ.

ಹಾಗಾದ್ರೆ ತಾವೇ ಹುರುಳಿ ಬೆಳೀಬಹುದಿತ್ತಲ್ಲ? ಭತ್ತ ಕೊಯ್ದ ಮೇಲೆ ಉಳಿದ ತೇವದಲ್ಲೇ ಬರುವ ಬೆಳೆ ಅದು, ಆದರೆ ಗದ್ದೆ ಬೇಕು. 1974ರ ಭೂಸುಧಾರಣೆ ಗೇಣಿದಾರರಿಗೆ ಗದ್ದೆ ಕೊಟ್ಟಿತು. ಗೇಣಿಯೇ ಇಲ್ಲದ ಕೂಲಿಗಳಿಗೆ ಹೆಚ್ಚೆಂದರೆ ಮನೆ ಅಡಿಯ ಜಾಗ. ಇಲ್ಲೇ ಕಟಪಾಡಿ ಪಕ್ಕದ ಮಟ್ಟುವಿನ ಗುಳ್ಳಕ್ಕೆ ವಾದಿರಾಜರ ಐತಿಹ್ಯ ಉಂಟು, 2011ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿತು. ಸಂತೋಷ. ಬಡವರ ಹುರುಳಿಗೆ ಐತಿಹ್ಯ ಕಟ್ಟಲು ಯಾರೂ ಬರಲಿಲ್ಲ.

ನಮ್ಮ ಮನೆಯಲ್ಲಿ ಈಗ ಕಟ್ಟು ಬಸಿಯೋದಿಲ್ಲ. ರಾತ್ರಿ ನೆನೆಸಿ, ಮರುದಿನ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸ್ತೇವೆ. ಹಾಗೆ ಮಾಡಿದ್ರೆ ಕಬ್ಬಿಣ ಮೈಗೆ ಚೆನ್ನಾಗಿ ಹಿಡೀತದೆ. ಕುಕ್ಕರಿನಲ್ಲಿ ಬೇಯಿಸಿ, ಒಂದು ಹಿಡಿ ಕಾಳನ್ನು ತೆಂಗಿನತುರಿ, ಒಣಮೆಣಸಿನ ಜೊತೆ ರುಬ್ಬಿ ಅದಕ್ಕೇ ಸೇರಿಸಿ, ಎರಡು ಬಿಂಬುಳಿ ಹಾಕಿ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ. ಕುಚ್ಚಲಕ್ಕಿ ಗಂಜಿಗೆ, ಕಾಳು ಸಮೇತ.

ಇನ್ನೊಂದು ಮಾತು. 2021ರಲ್ಲಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ, “ಮೊಟ್ಟೆ ಯಾಕೆ, ಕಾಳು ಕೊಡಿ” ಅಂದವರಿದ್ದರು. ಅವರು ದಯವಿಟ್ಟು ಈ ಪೋಸ್ಟ್ ಶೇರ್ ಮಾಡಬೇಡಿ. ನಮ್ಮ ಮಕ್ಕಳಿಗೆ ಮೊಟ್ಟೆಯೂ ಬೇಕು, ಕಾಳೂ ಬೇಕು.