ಬಂಡೆಯ ಬರಹ, ಬೀದಿಯ ಬ್ಯಾನರು

ನಾಯಕನಹಟ್ಟಿ ಎಂದೊಡನೆ ನಮ್ಮ ಸೀಮೆಯ ಜನಕ್ಕೆ ನೆನಪಾಗುವುದು ಗುರು ತಿಪ್ಪೇರುದ್ರಸ್ವಾಮಿಯ ತೇರು, ಮತ್ತೆ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಆ ಗುರುವಿನ ಮಾತು. ಫಾಲ್ಗುಣ ಮಾಸದಲ್ಲಿ ತೇರು ಹರಿಯುವ ಮುನ್ನ ಮುಕ್ತಿ ಬಾವುಟವನ್ನು ಹರಾಜಿಗೆ ಇಡುವುದು ಇಲ್ಲಿಯ ವಾಡಿಕೆ. ಭಕ್ತರ ಜೊತೆಗೆ ರಾಜಕಾರಣಿಗಳೂ ಸವಾಲು ಕೂಗುತ್ತಾರೆ. ಬಂದ ಹಣ ದೇವಸ್ಥಾನಕ್ಕೆ ಸಲ್ಲುತ್ತದೆ. ಬಾವುಟ ಯಾರ ಪಾಲಾಯಿತು, ಎಷ್ಟಕ್ಕೆ ಆಯಿತು ಎಂಬುದು ನೆರೆದ ಸಾವಿರಾರು ಜನರ ಕಿವಿಗೆ ಬೀಳುತ್ತದೆ. ಆದರೆ ತೇರುಬೀದಿಯಾಗಲಿ ಹೆದ್ದಾರಿಯಾಗಲಿ, ನಾಯಕರ ಭಾವಚಿತ್ರ ಹೊತ್ತು ನಿಲ್ಲುವ ಬ್ಯಾನರುಗಳ ವಿಷಯ ಹಾಗಲ್ಲ. ಅವನ್ನು ನಿಲ್ಲಿಸಿದವರು ಯಾರು, ಅನುಮತಿ ಕೊಟ್ಟವರು ಯಾರು, ತೆಗೆಯಬೇಕಾದವರು ಯಾರು? ಈ ಜಿಲ್ಲೆಯ ರಸ್ತೆಗಳಲ್ಲಿ ಓಡಾಡುವಾಗಲೆಲ್ಲ ಈ ಮೂರು ಪ್ರಶ್ನೆಗಳು ನನ್ನನ್ನು ಕಾಡಿವೆ. ಇವುಗಳಿಗೊಂದು ಚರಿತ್ರೆಯೂ ಉಂಟು.

ಆ ಚರಿತ್ರೆ ಶುರುವಾಗುವುದು ನಮ್ಮ ನೆರೆಯಲ್ಲಿಯೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ರಾಜನ ಮಾತು ಪ್ರಜೆಗಳ ಕಣ್ಣಿಗೆ ಬೀಳಲೆಂದು ಬಯಲಿನ ಬಂಡೆಯ ಮೇಲೆ ಕೊರೆಸಿದ ಬರಹಗಳಿವು. ಕನ್ನಡ ನಾಡಿನ ಅತಿ ಹಳೆಯ ಸಾರ್ವಜನಿಕ ಫಲಕಗಳೆಂದು ಇವನ್ನು ಕರೆದರೆ ತಪ್ಪಾಗದು. ಒಂದು ಸಂಗತಿಯನ್ನು ಗಮನಿಸಬೇಕು. ಆ ಬರಹ ತಾನು ಎಲ್ಲಿಂದ ಬಂದೆನೆಂಬುದನ್ನು ಮರೆಮಾಡುವುದಿಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಸಂದೇಶವಿದು ಎಂದು ಮೊದಲಿಗೇ ಹೇಳುತ್ತದೆ. ಬರೆದವನು ಚಪಡ ಎಂಬ ಲಿಪಿಕಾರ ಎಂಬುದೂ ಕೊನೆಯಲ್ಲಿದೆ. ಚಕ್ರವರ್ತಿಯ ಫಲಕಕ್ಕೂ ಕಳುಹಿಸಿದವರ ಗುರುತು, ಬರೆದವನ ಹೆಸರು ಬೇಕಾಗಿತ್ತು.

ಅರಸರ ಕಾಲ ಮುಗಿದು 1951-52ರಲ್ಲಿ ಮೊದಲ ಮಹಾಚುನಾವಣೆ ಬಂದಾಗ ಅಕ್ಷರ ಬಲ್ಲವರು ದೇಶದಲ್ಲಿ ನೂರಕ್ಕೆ 18ರಷ್ಟು ಮಾತ್ರ ಇದ್ದರು. ಆದ್ದರಿಂದ ಮತ ಕೇಳುವ ಕೆಲಸ ಅಕ್ಷರಕ್ಕಿಂತ ಹೆಚ್ಚಾಗಿ ಚಿತ್ರದ ಪಾಲಿಗೆ ಬಂತು. ಜೋಡೆತ್ತು, ಗುಡಿಸಲು, ಆಲದ ಮರ, ದೀಪ, ಇವೆಲ್ಲ ಹಳ್ಳಿಯವನ ಕಣ್ಣಿಗೆ ಪರಿಚಿತವಾದ ಚಿತ್ರಗಳು. ಕಾಂಗ್ರೆಸ್ಸು 1969ರಲ್ಲಿ ಒಡೆದ ಮೇಲೆ ಜೋಡೆತ್ತು ಮರೆಯಾಯಿತು. 1971ಕ್ಕೆ ಹಸುಕರು ಬಂತು. 1978ರಲ್ಲಿ ಹಸ್ತ ಬಂತು. ಗೋಡೆಗೆ ಸುಣ್ಣ ಹೊಡೆದು ಕುಂಚದಿಂದ ಚಿಹ್ನೆ ಬರೆಯುವ ಕಲಾವಿದರಿಗೆ ಚುನಾವಣೆಯೆಂದರೆ ಸುಗ್ಗಿ. ಹಾಗೆಂದು ಗೋಡೆಯ ಬರಹವೇ ಮತವನ್ನು ತೀರ್ಮಾನಿಸಿತೆನ್ನಲಾಗದು. ನಿಜಲಿಂಗಪ್ಪನವರಂಥ ಹಿರಿಯರು 1962ರಲ್ಲಿ ತಮ್ಮ ಜಿಲ್ಲೆಯ ಹೊಸದುರ್ಗದಲ್ಲಿಯೇ ಸೋತದ್ದುಂಟು.

ಕಾನೂನು ಮೆಲ್ಲಗೆ ಹಿಂದೆ ಬಂತು. ಪ್ರಜಾಪ್ರತಿನಿಧಿ ಕಾಯ್ದೆಗೆ 1961ರಲ್ಲಿ ಸೇರಿಸಿದ 127ಎ ಕಲಮಿನ ಪ್ರಕಾರ, ಚುನಾವಣೆಯ ಕರಪತ್ರ ಭಿತ್ತಿಪತ್ರಗಳ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಬ್ರಹ್ಮಗಿರಿಯ ಬಂಡೆ ತಾನಾಗಿ ಪಾಲಿಸಿದ ನಿಯಮವನ್ನು ಗಣರಾಜ್ಯವು ಶಿಕ್ಷೆಯ ಭಯ ತೋರಿಸಿ ಕೇಳಬೇಕಾಯಿತು. ಕೇರಳದಲ್ಲಿ 1960ರ ಚುನಾವಣೆಯ ಕಾಲಕ್ಕೆ ಮೊಳೆತ ಮಾದರಿ ನೀತಿ ಸಂಹಿತೆಯು, ಮನೆಯ ಒಡೆಯನ ಒಪ್ಪಿಗೆಯಿಲ್ಲದೆ ಅವನ ಗೋಡೆಯ ಮೇಲೆ ಬರೆಯಬಾರದು, ಬಾವುಟ ಕಟ್ಟಬಾರದು ಎಂದು ಈಗ ವಿಧಿಸುತ್ತದೆ. ನಮ್ಮ ರಾಜ್ಯದ್ದೇ ಆದ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆಗಟ್ಟುವಿಕೆ ಕಾಯ್ದೆಗೆ 1981ರ ಹೆಸರಿದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾಹೀರಾತು ನಿಲ್ಲಿಸುವವರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಸಾವಿರ ರೂಪಾಯಿವರೆಗೆ ದಂಡವನ್ನು ಅದು ಗೊತ್ತುಮಾಡಿತು. ಆ ಕಾಲಕ್ಕೆ ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಆದರೆ ಬಣ್ಣದ ಡಬ್ಬಿಯ ಕಾಲದಲ್ಲಿ ಅಳೆದ ದಂಡವು ಮುದ್ರಣಯಂತ್ರದ ಕಾಲಕ್ಕೆ ಸಾಕಾದೀತೇ?

ಈ ಶತಮಾನದ ಆರಂಭದ ವರ್ಷಗಳಲ್ಲಿ ಫ್ಲೆಕ್ಸ್ ಬಂತು. ಕುಂಚದವನು ದಿನವಿಡೀ ಬರೆಯುತ್ತಿದ್ದುದನ್ನು ಯಂತ್ರ ಕೆಲವು ನಿಮಿಷಗಳಲ್ಲಿ ಕಕ್ಕಿತು. ಚಿಹ್ನೆ ಚಿಕ್ಕದಾಯಿತು, ಮುಖ ದೊಡ್ಡದಾಯಿತು. ಚುನಾವಣೆಗಷ್ಟೇ ಮೀಸಲಾಗಿದ್ದ ಫಲಕ ಹುಟ್ಟುಹಬ್ಬಕ್ಕೆ, ಜಾತ್ರೆಗೆ, ಸ್ವಾಗತಕ್ಕೆ ವರ್ಷವಿಡೀ ನಿಂತಿತು. ರಾಜ್ಯ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಫ್ಲೆಕ್ಸ್, ಬ್ಯಾನರು, ಬಂಟಿಂಗುಗಳನ್ನೂ ನಿಷೇಧಿಸಿತು. ಇದು ಬರಿಯ ಅಂದಚೆಂದದ ಮಾತಲ್ಲ. ಚೆನ್ನೈಯಲ್ಲಿ 2019ರ ಸೆಪ್ಟೆಂಬರ್ 12ರಂದು ರಾಜಕೀಯ ಪಕ್ಷದವರೊಬ್ಬರ ಮನೆಯ ಮದುವೆಯ ಬ್ಯಾನರು ಮೈಮೇಲೆ ಬಿದ್ದು, ದ್ವಿಚಕ್ರವಾಹನದಲ್ಲಿ ಹೋಗುತ್ತಿದ್ದ ತರುಣಿಯೊಬ್ಬಳು ನೆಲಕ್ಕುರುಳಿ ಲಾರಿಗೆ ಸಿಕ್ಕು ಸತ್ತಳು.

ಸ್ಥಳೀಯ ಆಡಳಿತದಲ್ಲಿ ಈ ವಾದ ತಾರಕಕ್ಕೇರಿದ್ದು ಬೆಂಗಳೂರಿನಲ್ಲಿ. 2018ರ ಆಗಸ್ಟ್ 1ರಂದು ಮುಖ್ಯ ನ್ಯಾಯಮೂರ್ತಿ ದಿನೇಶ್ ಮಾಹೇಶ್ವರಿ ಅವರ ನೇತೃತ್ವದ ಹೈಕೋರ್ಟ್ ಪೀಠವು ಅಕ್ರಮ ಫ್ಲೆಕ್ಸುಗಳನ್ನು ಕೂಡಲೇ ಕೀಳಬೇಕೆಂದು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ತಾಕೀತು ಮಾಡಿತು. ವರ್ಷಗಳಿಂದ ಆಗದ ಕೆಲಸ ದಿನವೊಪ್ಪತ್ತಿನಲ್ಲಿ ಶುರುವಾಗಿ ಸಾವಿರಾರು ಫಲಕಗಳು ಕೆಳಗಿಳಿದವು. ಪಾಲಿಕೆಯ ಸಭೆ ಅದೇ ತಿಂಗಳ 6ರಂದು ಹೊರಾಂಗಣ ಜಾಹೀರಾತುಗಳಿಗೆ ಒಂದು ವರ್ಷದ ನಿಷೇಧವನ್ನು ನಿರ್ಣಯಿಸಿತು. ಜಾಹೀರಾತು ಉದ್ಯಮದವರು ಜೀವನೋಪಾಯದ ಪ್ರಶ್ನೆ ಎತ್ತಿದರು. ಪಾಲಿಕೆಯ ಆದಾಯದ ಮಾತೂ ಬಂತು, ಜಿ.ಎಸ್.ಟಿ.ಗೆ ದಾರಿ ಮಾಡಿದ 101ನೆಯ ಸಂವಿಧಾನ ತಿದ್ದುಪಡಿ ಜಾಹೀರಾತು ತೆರಿಗೆಯ ಅಧಿಕಾರವನ್ನು ರಾಜ್ಯಪಟ್ಟಿಯಿಂದಲೇ ತೆಗೆದುಹಾಕಿತ್ತಷ್ಟೆ. ಆ ಗದ್ದಲದಲ್ಲಿ ಒಂದು ಸತ್ಯ ಮಾತ್ರ ನಿಚ್ಚಳವಾಯಿತು. ಕಾಯ್ದೆ 37 ವರ್ಷಗಳಿಂದ ಪುಸ್ತಕದಲ್ಲಿಯೇ ಇತ್ತು. ಅದನ್ನು ಬೀದಿಗೆ ತರಲು ನ್ಯಾಯಾಲಯ ಬೇಕಾಯಿತು.

ಯಾಕೆ ಹೀಗೆ? ಉತ್ತರ ಸಣ್ಣ ಊರಿನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನಾಯಕನಹಟ್ಟಿ ಗ್ರಾಮ ಪಂಚಾಯಿತಿಯಾಗಿದ್ದ ಊರು; ಈಗ ಪಟ್ಟಣ ಪಂಚಾಯಿತಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯಿಲ್ಲ. ಪಟ್ಟಣ ಪಂಚಾಯಿತಿಗೆ ಉಂಟು. ಊರು ಒಂದು ಮೆಟ್ಟಿಲು ಮೇಲೇರಿದಾಗ ಪಕ್ಷಗಳು ಸಭೆಯೊಳಗೆ ಅಧಿಕೃತವಾಗಿ ಬಂದು ಕುಳಿತವು. ಬ್ಯಾನರು ತೆಗೆಯಿರೆಂದು ಕೈಯೆತ್ತಬೇಕಾದ ಸದಸ್ಯನ ಮುಖವೇ ಬ್ಯಾನರಿನ ಮೂಲೆಯಲ್ಲಿ ಕೈಮುಗಿದು ನಿಂತಿದ್ದರೆ, ಅವನ ಕೈ ಹೇಗೆ ಮೇಲೇಳಬೇಕು? ಎದುರು ಪಕ್ಷದವನೂ ಬಾಯಿಬಿಡಲಾರ. ನಾಳೆ ಅವನದೂ ನಿಲ್ಲಬೇಕು. ಮುಖ್ಯಾಧಿಕಾರಿಯ ಪಾಡನ್ನಂತೂ ಹೇಳಬೇಕಾಗಿಲ್ಲ.

ಪೂರ್ಣ ನಿಷೇಧದ ವಿರುದ್ಧ ಬರುವ ವಾದವೊಂದನ್ನು ನಾನು ಹಗುರವಾಗಿ ಕಾಣಲಾರೆ. ಪತ್ರಿಕೆಯ ಪುಟ ಕೊಳ್ಳಲಾರದ ಬಡ ಅಭ್ಯರ್ಥಿಗೆ, ಮೊದಲ ಬಾರಿಗೆ ನಿಂತ ಹೆಣ್ಣುಮಗಳಿಗೆ, ಹಟ್ಟಿಯ ತರುಣನಿಗೆ ಬೀದಿಯೇ ವೇದಿಕೆ. ಅದನ್ನು ಮುಚ್ಚಿದರೆ ಹಣವಂತನಿಗೆ ಬೇರೆ ದಾರಿಗಳುಂಟು, ಇವರಿಗೆ ಇಲ್ಲ. ಆದರೆ ಕಟ್ಟಿಲ್ಲದ ಬೀದಿಯೂ ಇವರದಲ್ಲ. ಅಲ್ಲಿ ದೊಡ್ಡ ಫಲಕ ಚಿಕ್ಕ ಫಲಕವನ್ನು ಮುಚ್ಚುತ್ತದೆ, ಉಳ್ಳವನು ಕಂಬಕ್ಕೆ ಕಂಬ ಹಿಡಿಯುತ್ತಾನೆ, ತಿರುವಿನಲ್ಲಿ ಎದುರಿನ ಬಂಡಿ ಕಾಣುವುದಿಲ್ಲ.

ಆದ್ದರಿಂದ ನನಗೆ ತೋರುವ ದಾರಿ ನಿಷೇಧವಲ್ಲ, ಲೆಕ್ಕ. ಪಂಚಾಯಿತಿ ಕೆಲವು ಜಾಗಗಳನ್ನು ಗೊತ್ತುಮಾಡಲಿ. ಎಲ್ಲರಿಗೂ ಒಂದೇ ಅಳತೆ ಇರಲಿ. ಬಟ್ಟೆಯ ಮೇಲೆ ಬರೆಯಿಸಲಿ, ಕುಂಚದವನಿಗೂ ಕೂಲಿ ಸಿಗಲಿ. ನಿಲ್ಲಿಸಿದವನ ಹೆಸರು, ಅನುಮತಿಯ ಸಂಖ್ಯೆ, ತೆಗೆಯಬೇಕಾದ ದಿನ ಫಲಕದ ಕೆಳಗೇ ಇರಲಿ. ಹಂಚಿಕೆ ಮುಚ್ಚಿದ ಕೋಣೆಯಲ್ಲಿ ಆಗದೆ, ಮುಕ್ತಿ ಬಾವುಟದ ಸವಾಲಿನಂತೆ ಜನರೆದುರು ಆಗಲಿ. ಆದರೆ ಇಲ್ಲಿ ಹೆಚ್ಚು ಕೂಗಿದವನಿಗೆ ಜಾಗವಲ್ಲ, ಚೀಟಿ ಎತ್ತಿ ಸರದಿಯಂತೆ. ಇಷ್ಟಕ್ಕೆ ಹೊಸ ಕಾಯ್ದೆಯೇನೂ ಬೇಡ. ಲಿಖಿತ ಅನುಮತಿ ಕೊಡುವ, ಕೊಡದಿರುವ ಅಧಿಕಾರದಲ್ಲಿಯೇ ಇದು ಅಡಗಿದೆ. ಆ ಅಧಿಕಾರವನ್ನು ಬಳಸುವ ಧೈರ್ಯವನ್ನು ಸಭೆಗೆ ತುಂಬಬೇಕಾದವರು ಮತದಾರರು. ಬ್ಯಾನರಿನ ನೆರಳಿನಲ್ಲಿ ಬಸ್ಸಿಗೆ ಕಾಯುವವರೂ ಅವರೇ, ಅದು ಬಿದ್ದಾಗ ಅದರಡಿ ಸಿಕ್ಕುವವರೂ ಅವರೇ.