ಕೆಂಪು ಅಳಿಸಿದ ವಿಮಾನ

ಮೊಮ್ಮಗ ರಜೆಗೆ ಅತನೂರಿಗೆ ಬರುವಾಗ ಬಿಡಿಭಾಗ ಜೋಡಿಸಿ ಮಾಡುವ ಎರಡು ಪ್ಲಾಸ್ಟಿಕ್ ವಿಮಾನ ತಂದ. ಒಂದು ಜರ್ಮನಿಯ ಹೈಂಕೆಲ್ ಬಾಂಬರ್. ಇನ್ನೊಂದು, 1944ರಲ್ಲಿ ಅರ್ಜನ್ ಸಿಂಗರ ದಳ ಇಂಫಾಲದಲ್ಲಿ ಹಾರಿಸಿದಂಥ ಹರಿಕೇನ್.

"ಆಯಿ, ಖರೇ ಬಣ್ಣ ಯಾವುದು ಹೇಳು" ಅಂದ. ಇತಿಹಾಸ ಕಲಿಸುವವಳಲ್ಲವೇ ನಾನು!

ಜರ್ಮನಿಯದು ಸಲೀಸಾಯಿತು. ಅವರ ವಿಮಾನಖಾತೆ ಬಣ್ಣಗಳಿಗೆ ನಂಬರನ್ನೇ ಕೊಟ್ಟಿತ್ತು. ಬೆನ್ನಿಗೆ 70 ಮತ್ತು 71, ಎರಡೂ ಗಾಢ ಹಸಿರು. ಹೊಟ್ಟೆಗೆ 65, ತಿಳಿನೀಲಿ. ಮೇಲಿನಿಂದ ನೋಡಿದವನಿಗೆ ಕಾಡು, ಕೆಳಗಿನಿಂದ ನೋಡಿದವನಿಗೆ ಆಕಾಶ.

ಎಡವಿದ್ದು ನಮ್ಮದರಲ್ಲಿ. ರೆಕ್ಕೆಯ ಮೇಲಿನ ಬ್ರಿಟಿಷ್ ಚಕ್ರಕ್ಕೆ ನಡುವೆ ಕೆಂಪು ಎಂದುಬಿಟ್ಟೆ. ಹುಡುಗ ಹಚ್ಚಿಯೂ ಬಿಟ್ಟ. ಹಳೆಯ ಫೋಟೋ ನೋಡಿದರೆ ಎಲ್ಲ ಕಪ್ಪು-ಬಿಳುಪು. ಆಗಿನ ಕೆಲವು ಫಿಲ್ಮುಗಳಲ್ಲಿ ಕೆಂಪು ಕಪ್ಪಾಗಿ, ನೀಲಿ ಬೆಳ್ಳಗೆ ಬೀಳುತ್ತಿತ್ತು. ಅವ್ವನ ಮದುವೆ ಫೋಟೋದಲ್ಲಿರುವ ಇಳಕಲ್ ಸೀರೆ ಯಾವ ಬಣ್ಣದ್ದೆಂದು ನಮ್ಮ ಮನೆಯಲ್ಲಿ ಇಂದಿಗೂ ಜಗಳವಿದೆ!

ಆಮೇಲೆ ಪುಸ್ತಕ ತೆಗೆದೆ. ಜಪಾನಿನ ವಿಮಾನದ ಗುರುತು ಕೆಂಪು ಸೂರ್ಯ. ದೂರದಿಂದ ಕೆಂಪು ಕಂಡರೆ ನಮ್ಮವರೇ ನಮ್ಮವರಿಗೆ ಗುಂಡು ಹೊಡೆದಾರೆಂಬ ಭಯ. ಅದಕ್ಕೇ ಯುದ್ಧದ ನಡುವೆ ಈ ಸೀಮೆಯ ವಿಮಾನಗಳ ಮೇಲಿನ ಕೆಂಪನ್ನೇ ತೆಗೆದರು. ಕಡುನೀಲಿಯ ನಡುವೆ ಬಿಳಿ ಇಲ್ಲವೆ ತಿಳಿನೀಲಿ ಉಳಿಯಿತು. ಒಂದು ಬೊಟ್ಟು ಬಣ್ಣಕ್ಕೆ ಒಂದು ಜೀವ!

ಮೊಮ್ಮಗ ಮುಖ ಸಣ್ಣ ಮಾಡಿದ. ಬ್ಲೇಡು ಹಿಡಿದು ನಾನೇ ಮೆಲ್ಲಗೆ ಕೆರೆದೆ. ಶಾಲೆ ತೆರೆದ ಮೇಲೆ ಇನ್ನೊಂದು ಕೆಲಸವಿದೆ. ಎಂಟನೆಯ ತರಗತಿಯ ಗೋಡೆಗೆ ನಾನೇ ಬರೆದು ಹಚ್ಚಿದ ಬರ್ಮಾ ಯುದ್ಧದ ಚಿತ್ರದಲ್ಲೂ ಅದೇ ಕೆಂಪು ಇದೆ.