ಏಷ್ಯನ್ ಟೂರ್ ಗಾಲ್ಫ್: 2018ರ ಋತು

ಏಷ್ಯಾದ ಪುರುಷ ವೃತ್ತಿಪರ ಗಾಲ್ಫ್ ಆಟಗಾರರ ಪ್ರಮುಖ ಪಂದ್ಯಾವಳಿ ಸರಣಿಯಾದ ಏಷ್ಯನ್ ಟೂರ್ 1995ರಲ್ಲಿ ಈಗಿನ ರೂಪದಲ್ಲಿ ಆರಂಭವಾಯಿತು. ಅದರ 24ನೆಯ ಋತುವು 2018ರ ಜನವರಿಯಿಂದ ಡಿಸೆಂಬರ್‌ವರೆಗೆ ನಡೆಯಿತು. ಪಂದ್ಯಾವಳಿಗಳು ಸಾಮಾನ್ಯವಾಗಿ ನಾಲ್ಕು ದಿನ, 72 ಕುಳಿಗಳ ಆಟವಾಗಿ ನಡೆಯುತ್ತವೆ; ಎರಡು ದಿನಗಳ ಬಳಿಕ ‘ಕಟ್’ ಎಂಬ ಮಿತಿಯೊಳಗೆ ಉಳಿದವರು ಮಾತ್ರ ಮುಂದೆ ಆಡಿ ಬಹುಮಾನದ ಹಣಕ್ಕೆ ಪಾತ್ರರಾಗುತ್ತಾರೆ. ಹೀಗೆ ವರ್ಷವಿಡೀ ಗಳಿಸಿದ ಹಣವನ್ನು ಅಮೆರಿಕನ್ ಡಾಲರ್‌ನಲ್ಲಿ ಕೂಡಿಸಿ 2018ರಲ್ಲಿ ಸಿದ್ಧಪಡಿಸುತ್ತಿದ್ದ ಕ್ರಮಾಂಕಪಟ್ಟಿಗೆ ‘ಆರ್ಡರ್ ಆಫ್ ಮೆರಿಟ್’ ಎಂದು ಹೆಸರು. ಅದರ ಅಗ್ರಸ್ಥಾನಿಯೇ ಋತುವಿನ ಚಾಂಪಿಯನ್. ಮುಂದಿನ ವರ್ಷ ಆಡುವ ಹಕ್ಕಾದ ‘ಟೂರ್ ಕಾರ್ಡ್’ ಉಳಿಯುವುದೂ ಮುಖ್ಯವಾಗಿ ಈ ಪಟ್ಟಿಯಲ್ಲಿನ ಸ್ಥಾನದ ಮೇಲೆ. ಅದನ್ನು ಕಳೆದುಕೊಂಡವರು ಕ್ವಾಲಿಫೈಯಿಂಗ್ ಸ್ಕೂಲ್ ಎಂಬ ಅರ್ಹತಾ ಸ್ಪರ್ಧೆಯ ಮೂಲಕ ಮರಳಿ ಬರಬೇಕಾಗುತ್ತದೆ.

2018ರ ಚಾಂಪಿಯನ್ ಭಾರತದ ಶುಭಂಕರ್ ಶರ್ಮಾ. ಆಗ 21ರ ಹರೆಯದಲ್ಲಿದ್ದ ಅವರು ಫೆಬ್ರವರಿಯಲ್ಲಿ ಮಲೇಷ್ಯಾದ ಸೌಜನಾ ಕ್ಲಬ್ಬಿನಲ್ಲಿ ನಡೆದ ಮೇಬ್ಯಾಂಕ್ ಚಾಂಪಿಯನ್‌ಷಿಪ್‌ನ ಕೊನೆಯ ದಿನ, ಪಾರ್‌ಗಿಂತ, ಅಂದರೆ ಅಂಗಣಕ್ಕೆ ನಿಗದಿಯಾದ ಹೊಡೆತಗಳ ಸಂಖ್ಯೆಗಿಂತ, 10 ಕಡಿಮೆಯಾದ 62 ಹೊಡೆತಗಳಲ್ಲಿ ಸುತ್ತು ಮುಗಿಸಿ, ಸ್ಪೇನಿನ ಹೋರ್ಹೆ ಕಂಪಿಯೊ ಅವರಿಗಿಂತ ಎರಡು ಹೊಡೆತ ಮುಂದೆ ನಿಂತು ಗೆದ್ದರು. ಮಾರ್ಚ್ ಆರಂಭದಲ್ಲಿ ಮೆಕ್ಸಿಕೊದಲ್ಲಿ ವಿಶ್ವದ ಅಗ್ರ ಆಟಗಾರರಿಗೆ ಮೀಸಲಾದ ವರ್ಲ್ಡ್ ಗಾಲ್ಫ್ ಚಾಂಪಿಯನ್‌ಷಿಪ್ಸ್ ಪಂದ್ಯಾವಳಿಯಲ್ಲಿ ಮೂರು ಸುತ್ತುಗಳ ನಂತರವೂ ಮುನ್ನಡೆಯಲ್ಲಿದ್ದ ಅವರು, ಕೊನೆಯ ದಿನ ಹಿಂದೆ ಬಿದ್ದು ಒಂಬತ್ತನೆಯ ಸ್ಥಾನವನ್ನು ಹಂಚಿಕೊಂಡರು. ಈ ಆಟದ ಬಲದಿಂದ ಅಮೆರಿಕದ ಪ್ರತಿಷ್ಠಿತ ಮಾಸ್ಟರ್ಸ್ ಪಂದ್ಯಾವಳಿಗೆ ವಿಶೇಷ ಆಹ್ವಾನ ಬಂದಿತು. ಯುರೋಪಿಯನ್ ಟೂರ್ ಅವರನ್ನು ವರ್ಷದ ಶ್ರೇಷ್ಠ ಹೊಸ ಆಟಗಾರನೆಂದು ಗೌರವಿಸಿತು.

ಚಾಂಪಿಯನ್ ಪಟ್ಟ ನಿರ್ಧಾರವಾಗುವ ಬಗೆಯನ್ನು ಈ ಋತು ಸ್ಪಷ್ಟವಾಗಿ ತೋರಿಸುತ್ತದೆ. ಎರಡು ಅಥವಾ ಹೆಚ್ಚು ಟೂರ್‌ಗಳು ಒಟ್ಟಾಗಿ ಮಾನ್ಯ ಮಾಡುವ ಪಂದ್ಯಾವಳಿಗಳಲ್ಲಿ ಹಣ ಬಹಳ ದೊಡ್ಡದು. ಯುರೋಪಿಯನ್ ಟೂರ್ ಜೊತೆಗೂಡಿ ನಡೆದ ಮೇಬ್ಯಾಂಕ್‌ನ ಒಟ್ಟು ಬಹುಮಾನ 30 ಲಕ್ಷ ಡಾಲರ್ ಆಗಿದ್ದು ವಿಜೇತನಿಗೆ 5 ಲಕ್ಷ ಸಂದರೆ, ಬೆಂಗಳೂರಿನ ಟೇಕ್ ಸೊಲ್ಯೂಷನ್ಸ್ ಮಾಸ್ಟರ್ಸ್‌ನ ಒಟ್ಟು ಮೊತ್ತವೇ 3.5 ಲಕ್ಷ ಡಾಲರ್ ಆಗಿತ್ತು. ಅಮೆರಿಕದ ಜಾನ್ ಕ್ಯಾಟ್ಲಿನ್ ಇದೇ ಋತುವಿನಲ್ಲಿ ಮೂರು ಪ್ರಶಸ್ತಿ ಗೆದ್ದರೂ ಪಟ್ಟಿಯ ತುದಿಗೇರಲಿಲ್ಲ. ದಕ್ಷಿಣ ಆಫ್ರಿಕಾದ ಜಸ್ಟಿನ್ ಹಾರ್ಡಿಂಗ್ ಜುಲೈನಲ್ಲಿ ಇಂಡೊನೇಷ್ಯಾ ಓಪನ್ ಮತ್ತು ಥಾಯ್ಲೆಂಡಿನ ರಾಯಲ್ ಕಪ್ ಎರಡನ್ನೂ ಗೆದ್ದರೂ ಅಷ್ಟೇ. ಒಂದೇ ದೊಡ್ಡ ಗೆಲುವು ಹಲವು ಸಣ್ಣ ಗೆಲುವುಗಳನ್ನು ಮೀರಿಸುವ ಈ ಲೆಕ್ಕ ವರ್ಷವಿಡೀ ಸ್ಥಿರವಾಗಿ ಆಡುವವನಿಗೆ ಪೂರ್ತಿ ನ್ಯಾಯ ಒದಗಿಸುವುದಿಲ್ಲ. ಆದರೂ 7.5 ಲಕ್ಷ ಡಾಲರ್ ಮೀರಿದ ಶರ್ಮಾ ಅವರ ಗಳಿಕೆಯನ್ನು ಬರಿಯ ಅದೃಷ್ಟವೆನ್ನಲಾಗದು: ಅತಿ ಬಲಿಷ್ಠ ಸ್ಪರ್ಧಿಗಳ ನಡುವೆ ಗೆಲ್ಲುವುದಕ್ಕೆ ಹೆಚ್ಚಿನ ಬೆಲೆ ಇರಲೇಬೇಕು.

ಕನ್ನಡ ನಾಡಿಗೆ ಈ ಋತು ಬೇರೆ ಕಾರಣಕ್ಕೂ ಮುಖ್ಯ. ಆಗಸ್ಟ್‌ನಲ್ಲಿ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಣದಲ್ಲಿ ನಡೆದ ಟೇಕ್ ಸೊಲ್ಯೂಷನ್ಸ್ ಮಾಸ್ಟರ್ಸ್ ಅನ್ನು ಕೊಡಗು ಮೂಲದ, 20 ವರ್ಷದ ವಿರಾಜ್ ಮಾದಪ್ಪ ಗೆದ್ದುಕೊಂಡರು. ಇದು ಏಷ್ಯನ್ ಟೂರ್‌ನಲ್ಲಿ ಅವರ ಮೊದಲ ಪ್ರಶಸ್ತಿ. ಅಕ್ಟೋಬರ್‌ನಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ನಡೆದ ಪ್ಯಾನಸಾನಿಕ್ ಓಪನ್ ಇಂಡಿಯಾದಲ್ಲಿ ಬೆಂಗಳೂರಿನ ಖಾಲಿನ್ ಜೋಶಿ ತಮ್ಮ ಮೊದಲ ಏಷ್ಯನ್ ಟೂರ್ ಗೆಲುವು ಕಂಡರು. ಬಹುಮಾನದ ದೃಷ್ಟಿಯಿಂದ ಸಾಧಾರಣವಾದ ಇಂತಹ ಪಂದ್ಯಾವಳಿಗಳೇ ಸ್ಥಳೀಯ ಯುವ ಆಟಗಾರರಿಗೆ ಮನೆಯಂಗಳದಲ್ಲೇ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ಒದಗಿಸುತ್ತವೆ. ಆ ಮಟ್ಟಿಗೆ ಅವುಗಳ ಬೆಲೆ ಡಾಲರ್ ಲೆಕ್ಕಕ್ಕಿಂತ ದೊಡ್ಡದು.

ಉಳಿದ ಭಾರತೀಯರಲ್ಲಿ ರಾಹಿಲ್ ಗಂಗ್‌ಜಿ ಏಪ್ರಿಲ್‌ನಲ್ಲಿ ಜಪಾನಿನ ಪ್ಯಾನಸಾನಿಕ್ ಓಪನ್ ಗೆದ್ದು, 2004ರಲ್ಲಿ ಚೀನಾದಲ್ಲಿ ಗಳಿಸಿದ ಪ್ರಶಸ್ತಿಯ ನಂತರದ 14 ವರ್ಷಗಳ ಕಾಯುವಿಕೆಯನ್ನು ಕೊನೆಗೊಳಿಸಿದರು. ಗಗನ್‌ಜೀತ್ ಭುಲ್ಲರ್ ಆಗಸ್ಟ್ ಆರಂಭದಲ್ಲಿ ಫಿಜಿ ಇಂಟರ್‌ನ್ಯಾಷನಲ್ ಗೆದ್ದರು. ಮರುವಾರವೇ ಮಾದಪ್ಪ ಗೆದ್ದದ್ದರಿಂದ ಸತತ ಎರಡು ಪ್ರಶಸ್ತಿಗಳು ಭಾರತಕ್ಕೆ ಬಂದವು. ಗುರುಗ್ರಾಮದ ಹೀರೊ ಇಂಡಿಯನ್ ಓಪನ್ ಮಾತ್ರ ಇಂಗ್ಲೆಂಡಿನ ಮ್ಯಾಟ್ ವಾಲೆಸ್ ಪಾಲಾಯಿತು. ವರ್ಷದ ಮೊದಲಲ್ಲಿ ಸಿಂಗಪುರ ಓಪನ್ ಅನ್ನು ಸ್ಪೇನಿನ ಸರ್ಜಿಯೊ ಗಾರ್ಸಿಯಾ ಐದು ಹೊಡೆತಗಳ ಅಂತರದಿಂದ ಗೆದ್ದಿದ್ದರು.

ಜ್ಯೋತಿ ರಾಂಧವ (2002), ಅರ್ಜುನ್ ಅತ್ವಾಲ್ (2003), ಜೀವ್ ಮಿಲ್ಖಾ ಸಿಂಗ್ (2006, 2008) ಹಾಗೂ ಬೆಂಗಳೂರಿನಲ್ಲಿ ನೆಲೆಸಿ ಆಟವನ್ನು ರೂಢಿಸಿಕೊಂಡ ಅನಿರ್ಬನ್ ಲಾಹಿರಿ (2015) ಅವರ ಬಳಿಕ ಆರ್ಡರ್ ಆಫ್ ಮೆರಿಟ್‌ನಲ್ಲಿ ಅಗ್ರಸ್ಥಾನ ಪಡೆದ ಐದನೆಯ ಭಾರತೀಯ ಶುಭಂಕರ್ ಶರ್ಮಾ.